ವಲಯ ನಿಯಮಗಳ ಅರ್ಥನಿರ್ಣಯ: ಬೆಂಗಳೂರಿನ ಮಹಾಯೋಜನೆಯನ್ನು ಓದುವ ಬಗೆ

ನಗರದ ನೆಲವನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಬಳಕೆ, ಉದ್ಯಾನ, ಕೃಷಿ ಎಂಬ ವಲಯಗಳಾಗಿ ವಿಂಗಡಿಸಿ, ಒಂದೊಂದು ವಲಯದಲ್ಲಿ ಯಾವ ಚಟುವಟಿಕೆ ನಡೆಯಬಹುದು, ಕಟ್ಟಡ ಎಷ್ಟು ಎತ್ತರಕ್ಕೆ ಏಳಬಹುದು, ನಿವೇಶನದ ಗಡಿಯಿಂದ ಎಷ್ಟು ಜಾಗ ಖಾಲಿ ಬಿಡಬೇಕು ಎಂಬುದನ್ನು ಗೊತ್ತುಪಡಿಸುವ ಬರಹಕ್ಕೆ ವಲಯ ನಿಯಮಾವಳಿ ಎಂದು ಹೆಸರು. ಕರ್ನಾಟಕದಲ್ಲಿ ಈ ನಿಯಮಾವಳಿಗಳ ಬೇರು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಲ್ಲಿದೆ. ಆ ಅಧಿನಿಯಮದಂತೆ ಯೋಜನಾ ಪ್ರಾಧಿಕಾರವು ತನ್ನ ಪ್ರದೇಶಕ್ಕೆ ಮಹಾಯೋಜನೆಯನ್ನು, ಎಂದರೆ ಜನರ ಬಾಯಲ್ಲಿ ಮಾಸ್ಟರ್ ಪ್ಲಾನ್ ಎಂದೇ ರೂಢಿಯಾಗಿರುವ ದಾಖಲೆಯನ್ನು, ಸಿದ್ಧಪಡಿಸುತ್ತದೆ. ನಕ್ಷೆ ಅದರ ಒಂದು ಅಂಗ, ನಿಯಮಾವಳಿ ಇನ್ನೊಂದು ಅಂಗ. ಬೆಂಗಳೂರಿಗೆ ಸಂಬಂಧಿಸಿದಂತೆ 2007ರ ಜೂನ್ ತಿಂಗಳಲ್ಲಿ ಸರ್ಕಾರದ ಅನುಮೋದನೆ ಪಡೆದ ಪರಿಷ್ಕೃತ ಮಹಾಯೋಜನೆ 2015 ಮತ್ತು ಅದರ ಜೊತೆಗಿನ ವಲಯ ನಿಯಮಾವಳಿಗಳೇ ಈ ಉಪನ್ಯಾಸದ ಮುಖ್ಯ ಆಧಾರ. ನಂತರದ ವರ್ಷಗಳಲ್ಲಿ ಅವುಗಳಿಗೆ ತಿದ್ದುಪಡಿಗಳು ಬಂದಿರುವುದರಿಂದ, ಇಲ್ಲಿ ಉದಾಹರಣೆಗಾಗಿ ಎತ್ತಿಕೊಂಡಿರುವುದು 2007ರ ಪಾಠವೆಂದು ತಿಳಿಯಬೇಕು. ಒಂದು ನಿರ್ದಿಷ್ಟ ನಿವೇಶನದ ಬಗ್ಗೆ ತೀರ್ಮಾನಕ್ಕೆ ಬರಬೇಕಾದವರು ತಿದ್ದುಪಡಿಗಳನ್ನೂ ಜೊತೆಗಿಟ್ಟುಕೊಂಡೇ ಓದಬೇಕು.

ಅಧಿನಿಯಮದ 14ನೇ ಕಲಮು ಮಹಾಯೋಜನೆಯ ವ್ಯಾಪ್ತಿಯಲ್ಲಿರುವ ಪ್ರದೇಶದ ಪ್ರತಿಯೊಂದು ಭೂ ಬಳಕೆಯೂ, ಭೂ ಬಳಕೆಯ ಪ್ರತಿಯೊಂದು ಬದಲಾವಣೆಯೂ, ಪ್ರತಿಯೊಂದು ಅಭಿವೃದ್ಧಿಯೂ ಅಧಿನಿಯಮಕ್ಕೆ, ಮಹಾಯೋಜನೆಗೆ ಮತ್ತು ನಿಯಮಾವಳಿಗೆ ಅನುಗುಣವಾಗಿರಬೇಕೆಂದು ವಿಧಿಸುತ್ತದೆ. ಈ ಒಂದು ವಾಕ್ಯದಿಂದಾಗಿ ನಿಯಮಾವಳಿಯು ಇಲಾಖೆಯ ಒಳಗಿನ ಮಾರ್ಗಸೂಚಿಯ ಮಟ್ಟದಿಂದ ಮೇಲೆದ್ದು ಕಾನೂನಿನ ಬಲವನ್ನು ಪಡೆಯುತ್ತದೆ. ನಿವೇಶನ ಕೊಳ್ಳುವವರು, ಸಾಲ ತೆಗೆದು ಮನೆ ಕಟ್ಟುವವರು, ಮಕ್ಕಳನ್ನು ಬೀದಿಯಲ್ಲಿ ಆಡಲು ಬಿಡುವವರು ಎಲ್ಲರೂ ಈ ಪದಗಳನ್ನು ನಂಬಿಯೇ ತಮ್ಮ ಬದುಕನ್ನು ಒಂದು ಕಡೆ ನೆಲೆಗೊಳಿಸಿರುತ್ತಾರೆ. ತಾನು ಹೀಗೆ ಕಟ್ಟುವುದಿಲ್ಲವೆಂಬ ಕಟ್ಟುಪಾಡನ್ನು ಒಬ್ಬರು ಒಪ್ಪಿಕೊಂಡಿರುವುದು ಪಕ್ಕದವರಿಗೂ ಅದೇ ಕಟ್ಟುಪಾಡು ಅನ್ವಯವಾಗುತ್ತದೆಂಬ ಭರವಸೆಯ ಮೇಲೆ. ಆದುದರಿಂದ ನಿಯಮದ ಪದಕ್ಕೆ ಕಡತದೊಳಗೆ, ಒಬ್ಬ ಅರ್ಜಿದಾರರ ಅನುಕೂಲಕ್ಕೆ ಅಥವಾ ಒಬ್ಬ ಅಧಿಕಾರಿಯ ಇಚ್ಛೆಗೆ ತಕ್ಕಂತೆ, ಹೊಸ ಅರ್ಥ ಹುಟ್ಟಬಾರದು. ಒಂದು ಬೀದಿಯ ಎಲ್ಲ ಮನೆಗಳಿಗೂ ಸಮನಾಗಿ ಹೊಂದುವ, ಎಲ್ಲರೂ ಓದಿ ಪರೀಕ್ಷಿಸಬಹುದಾದ ಅರ್ಥವೇ ನಿಯಮದ ಅರ್ಥವಾಗಬೇಕು. ಈ ಉಪನ್ಯಾಸದ ಎಲ್ಲ ಚರ್ಚೆಯೂ ಈ ನಿಲುವಿನ ಸುತ್ತಲೇ ನಡೆಯುತ್ತದೆ.

ಓದಿನ ಆರಂಭ ಪರಿಭಾಷೆಯಿಂದ ಆಗಬೇಕು. ನಿಘಂಟಿನ ಅರ್ಥಕ್ಕೂ ಕಾನೂನು ಕೊಟ್ಟ ಅರ್ಥಕ್ಕೂ ವ್ಯತ್ಯಾಸ ಬಂದಾಗ ಎರಡನೆಯದೇ ಗೆಲ್ಲುತ್ತದೆಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತಾದರೂ, ವಲಯ ನಿಯಮಗಳ ಜಗಳಗಳಲ್ಲಿ ಹೆಚ್ಚಿನವು ಪರಿಭಾಷೆಯ ಪುಟವನ್ನು ತೆರೆಯದೇ ಇದ್ದುದರಿಂದ ಹುಟ್ಟಿದವು. ಅಧಿನಿಯಮದ ಪ್ರಕಾರ ಅಭಿವೃದ್ಧಿ ಎಂದರೆ ಕೇವಲ ಕಟ್ಟಡ ಕಟ್ಟುವುದಲ್ಲ. ನೆಲದ ಮೇಲೆ, ಒಳಗೆ ಅಥವಾ ಕೆಳಗೆ ನಡೆಸುವ ನಿರ್ಮಾಣ, ಎಂಜಿನಿಯರಿಂಗ್ ಮತ್ತು ಗಣಿ ಕೆಲಸಗಳ ಜೊತೆಗೆ, ಕಟ್ಟಡದ ಅಥವಾ ಭೂಮಿಯ ಬಳಕೆಯಲ್ಲಿ ಮಾಡುವ ಗಣನೀಯ ಬದಲಾವಣೆಯೂ ಅಭಿವೃದ್ಧಿಯೇ ಆಗುತ್ತದೆ. ಹಾಗಾಗಿ ಒಂದು ಇಟ್ಟಿಗೆಯನ್ನೂ ಕದಲಿಸದೆ, ಮನೆಯ ಹಜಾರದಲ್ಲಿ ಮೇಜುಕುರ್ಚಿ ಹಾಕಿ ಕಚೇರಿ ತೆರೆದವರು ತಾವು ಏನನ್ನೂ ಕಟ್ಟಿಲ್ಲವಾದ್ದರಿಂದ ಅನುಮತಿ ಬೇಕಿಲ್ಲವೆಂದು ವಾದಿಸಿದರೆ ಆ ವಾದ ಪರಿಭಾಷೆಯ ಎರಡನೆಯ ಅರ್ಧದ ಮುಂದೆ ನಿಲ್ಲುವುದಿಲ್ಲ. ಉಳಿಯುವ ಪ್ರಶ್ನೆ ಆ ಬದಲಾವಣೆ ಗಣನೀಯವೇ ಎಂಬುದು ಮಾತ್ರ, ಮತ್ತು ಅದು ಆಯಾ ಸಂದರ್ಭದ ಸಂಗತಿಗಳಿಂದ ತೀರ್ಮಾನವಾಗಬೇಕಾದದ್ದು.

ಇದೇ ಜಾಗದಲ್ಲಿ ಪದೇಪದೇ ಕಾಣುವ ಒಂದು ಗೊಂದಲವನ್ನೂ ಬಿಡಿಸಿಬಿಡಬೇಕು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಕಲಮಿನಡಿ ಕೃಷಿಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ತಿರುಗಿಸಲು ಪಡೆಯುವ ಅನುಮತಿಗೆ ಭೂ ಪರಿವರ್ತನೆ ಎಂದು ಹೆಸರು; ಮಹಾಯೋಜನೆಯಲ್ಲಿ ನಿಗದಿಯಾದ ಬಳಕೆಯಿಂದ ಬೇರೊಂದು ಬಳಕೆಗೆ ಹೋಗಲು ಯೋಜನಾ ಅಧಿನಿಯಮದ 14-ಎ ಕಲಮಿನಡಿ ಪಡೆಯುವ ಅನುಮತಿಗೆ ಭೂ ಬಳಕೆ ಬದಲಾವಣೆ ಎಂದು ಹೆಸರು. ಮೊದಲನೆಯದನ್ನು ಜಿಲ್ಲಾಧಿಕಾರಿ ಕಚೇರಿ ನೋಡಿಕೊಂಡರೆ ಎರಡನೆಯದರಲ್ಲಿ ಯೋಜನಾ ಪ್ರಾಧಿಕಾರ ಮತ್ತು ರಾಜ್ಯ ಸರ್ಕಾರ ಸೇರಿರುತ್ತವೆ. ಪಹಣಿಯಲ್ಲಿ ಪರಿವರ್ತನೆಯ ಷರಾ ಬಿದ್ದಿದೆ ಎಂಬ ಒಂದೇ ಕಾರಣಕ್ಕೆ ಮಹಾಯೋಜನೆಯ ನಿರ್ಬಂಧ ಸಡಿಲವಾಯಿತೆಂದು ಮಾರಾಟಗಾರರು ಹೇಳುವುದೂ ಕೊಳ್ಳುವವರು ನಂಬುವುದೂ ಎರಡು ಬೇರೆ ಕಾನೂನುಗಳ ಪದಗಳನ್ನು ಒಂದೆಂದು ಭಾವಿಸಿದ್ದರ ಫಲ.

ಪರಿಭಾಷೆಗಳಲ್ಲೂ ಎರಡು ಜಾತಿಗಳಿವೆ. ಒಂದು ಪದ ಇಂಥದ್ದೆಂದರ್ಥ ಎಂದು ಹೇಳುವ ಪರಿಭಾಷೆ ಆ ಪದದ ಸುತ್ತ ಗೋಡೆ ಕಟ್ಟುತ್ತದೆ. ಇಂಥದ್ದನ್ನು ಒಳಗೊಳ್ಳುತ್ತದೆ ಎಂದು ಹೇಳುವ ಪರಿಭಾಷೆ ಆ ಪದದ ರೂಢಿಯ ಅರ್ಥವನ್ನು ಉಳಿಸಿಕೊಂಡೇ ಹೊಸದನ್ನು ಸೇರಿಸುತ್ತದೆ. ಅಧಿನಿಯಮದಲ್ಲಿ ಕೃಷಿ ಎಂಬ ಪದಕ್ಕೆ ಕೊಟ್ಟಿರುವುದು ಎರಡನೆಯ ಬಗೆಯದು: ತೋಟಗಾರಿಕೆ, ಹಣ್ಣು ತರಕಾರಿ ಹೂಗಳ ಬೆಳೆ, ಹುಲ್ಲು ಮೇವು, ದನ, ಕುದುರೆ, ಕತ್ತೆ, ಹಂದಿ, ಮೀನು, ಕೋಳಿ, ಜೇನುಗಳ ಸಾಕಣೆ, ಬೇಸಾಯಕ್ಕೆ ಪೂರಕವಾದ ಭೂ ಬಳಕೆ ಇವೆಲ್ಲವನ್ನೂ ಅದು ಒಳಗೊಳ್ಳುತ್ತದೆ. ಆದರೆ ಅದೇ ವಾಕ್ಯದ ಕೊನೆಯಲ್ಲಿ ಕಟ್ಟಡಕ್ಕೆ ಹೊಂದಿಕೊಂಡು ಆ ಕಟ್ಟಡದ ಜೊತೆಗೇ ಬಳಸುವ ಕೈತೋಟವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ವಿಶಾಲವಾಗಿ ಬರೆದ ಪರಿಭಾಷೆಗೂ ಹೊರಗಿಡುವ ಒಂದು ಬಾಗಿಲು ಇರುತ್ತದೆ ಎಂಬುದನ್ನು ಇದರಿಂದ ಗಮನಿಸಬೇಕು. ನಗರದಂಚಿನ ಕೃಷಿ ವಲಯದಲ್ಲಿ ನಾಲ್ಕು ಮಾವಿನ ಗಿಡಗಳ ನಡುವೆ ಭಾರಿ ಬಂಗಲೆಯೊಂದನ್ನು ಎಬ್ಬಿಸಿ ಅದನ್ನು ತೋಟದ ಮನೆಯೆಂದು ಕರೆಯುವವರು ವಾಕ್ಯದ ಮೊದಲ ಭಾಗವನ್ನು ಹಿಡಿದುಕೊಂಡು ಕೊನೆಯ ಭಾಗವನ್ನು ಕೈಬಿಟ್ಟಿರುತ್ತಾರೆ. ಅಲ್ಲಿ ಮನೆ ಬೇಸಾಯಕ್ಕೆ ಪೂರಕವೋ, ಗಿಡಗಳೇ ಮನೆಗೆ ಪೂರಕವೋ ಎಂಬುದನ್ನು ಕೇಳಿಕೊಂಡರೆ ಸಾಕು, ವಾಕ್ಯ ತಾನಾಗಿಯೇ ಉತ್ತರ ಕೊಡುತ್ತದೆ.

ವಾಕ್ಯಾರ್ಥ ನಿರ್ಣಯದ ಶಾಸ್ತ್ರವು ಈ ನೆಲಕ್ಕೆ ಹೊಸದೇನಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆಸ್ತಿ ವಿಭಾಗದ ವಚನಗಳಿಗೆ ಅರ್ಥ ಹಚ್ಚುವಾಗ ಮೀಮಾಂಸೆಯ ನ್ಯಾಯಗಳನ್ನೇ ಬಳಸಿದನು. ಆ ಮೀಮಾಂಸೆಯಲ್ಲಿ ಅರ್ಥನಿರ್ಣಯಕ್ಕೆ ಆರು ಸಾಧನಗಳನ್ನು ಹೇಳಿದೆ: ನೇರವಾದ ಮಾತು ಎಂದರೆ ಶ್ರುತಿ, ಪದದ ಸೂಚನಾಶಕ್ತಿ ಎಂದರೆ ಲಿಂಗ, ಪದಗಳ ಪರಸ್ಪರ ಅನ್ವಯ ಎಂದರೆ ವಾಕ್ಯ, ಸಂದರ್ಭ ಎಂದರೆ ಪ್ರಕರಣ, ಇರುವ ಜಾಗ ಎಂದರೆ ಸ್ಥಾನ, ಕೊನೆಯದಾಗಿ ಹೆಸರು ಎಂದರೆ ಸಮಾಖ್ಯಾ. ಇವುಗಳಲ್ಲಿ ವಿರೋಧ ಬಂದರೆ ಮೊದಲು ಹೇಳಿದ್ದಕ್ಕೆ ಹೆಚ್ಚು ಬಲ, ಆಮೇಲೆ ಹೇಳಿದ್ದಕ್ಕೆ ಕಡಿಮೆ ಬಲ. ಈ ಕ್ರಮವನ್ನು ವಲಯ ನಿಯಮಾವಳಿಯ ಮೇಲಿಟ್ಟು ನೋಡಿದಾಗ ಬಹಳ ಉಪಯುಕ್ತವಾದ ಒಂದು ತಿಳಿವಳಿಕೆ ಸಿಗುತ್ತದೆ: ವಲಯಕ್ಕೆ ಕೊಟ್ಟಿರುವ ಹೆಸರು ಎಲ್ಲಕ್ಕಿಂತ ದುರ್ಬಲವಾದ ಸಾಕ್ಷ್ಯ. ನಕ್ಷೆಯಲ್ಲಿ ಹಳದಿ ಬಣ್ಣ ಕಂಡು ವಸತಿ ವಲಯವೆಂದು ಓದಿದವರು ಅಲ್ಲಿ ಮನೆಗಳ ಹೊರತು ಏನೂ ಇರಕೂಡದೆಂದು ತಿಳಿದರೆ ಅದು ಹೆಸರಿನ ಮೇಲೆ ಕಟ್ಟಿದ ನಂಬಿಕೆ. ಹೆಸರಿನ ಕೆಳಗೆ ನಿಯಮಾವಳಿಯು ನೇರವಾಗಿ ಪಟ್ಟಿ ಮಾಡಿರುವ ಬಳಕೆಗಳು, ಅವುಗಳ ಮಿತಿಗಳು, ಆ ಮಿತಿಗಳಿಗೆ ಅಂಟಿಕೊಂಡ ಷರತ್ತುಗಳು ಇವೇ ಬಲವಾದವು.

2007ರ ನಿಯಮಾವಳಿಯ ವಸತಿ ವಲಯವನ್ನು ಇದಕ್ಕಾಗಿ ಸ್ವಲ್ಪ ಹತ್ತಿರದಿಂದ ನೋಡಬಹುದು. ಅಲ್ಲಿ ಬಳಕೆಗಳನ್ನು ಮುಖ್ಯ ಬಳಕೆ ಮತ್ತು ಪೂರಕ ಬಳಕೆ ಎಂದು ಎರಡಾಗಿ ವಿಂಗಡಿಸಿದೆ. ಪ್ರಧಾನ ವಸತಿ ವಲಯದಲ್ಲಿ ವಾಸ ಮುಖ್ಯ ಬಳಕೆಯಾದರೆ, ಚಿಲ್ಲರೆ ಅಂಗಡಿ, ಹಾಲಿನ ಬೂತ್, ಹೊಲಿಗೆಯಂಗಡಿಯಂಥವು ಪೂರಕ ಬಳಕೆಗಳು. ಪೂರಕ ಬಳಕೆಗೆ ಇರುವ ಮಿತಿ ಕಟ್ಟಡದ ಒಟ್ಟು ವಿಸ್ತೀರ್ಣದ ಶೇ. 20 ಅಥವಾ 50 ಚದರ ಮೀಟರ್, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಈ ಕೊನೆಯ ಕೆಲವು ಪದಗಳನ್ನು ಬಿಟ್ಟು ಓದಿದರೆ ಇಡೀ ನಿಯಮ ತಲೆಕೆಳಗಾಗುತ್ತದೆ. 400 ಚದರ ಮೀಟರಿನ ಮನೆಯಲ್ಲಿ ಶೇ. 20 ಎಂದರೆ 80 ಚದರ ಮೀಟರ್, ಆದ್ದರಿಂದ 80ರವರೆಗೆ ಅವಕಾಶ. 250 ಚದರ ಮೀಟರಿನಲ್ಲಿ ಎರಡೂ ಲೆಕ್ಕ ಸರಿಯಾಗಿ 50ಕ್ಕೆ ಬಂದು ಸೇರುತ್ತವೆ. ಅದಕ್ಕಿಂತ ಚಿಕ್ಕದಾದ ಎಲ್ಲ ಮನೆಗಳಲ್ಲೂ ಶೇಕಡಾವಾರು ಲೆಕ್ಕ ಕೆಲಸಕ್ಕೆ ಬಾರದೆ 50 ಚದರ ಮೀಟರ್ ಸ್ಥಿರವಾಗಿ ನಿಲ್ಲುತ್ತದೆ. 150 ಚದರ ಮೀಟರಿನ ಮನೆಯವರಿಗೆ ಶೇ. 20ರ ಲೆಕ್ಕ ಹಿಡಿದು 30 ಚದರ ಮೀಟರಿಗಷ್ಟೇ ಅವಕಾಶವೆಂದು ಹಿಂಬರಹ ಬರೆದುಕೊಡುವ ಗುಮಾಸ್ತರು, ಯಾವುದು ಹೆಚ್ಚೋ ಎಂಬುದನ್ನು ಯಾವುದು ಕಡಿಮೆಯೋ ಎಂದು ಓದಿದಂತಾಗುತ್ತದೆ.

ನಿಜವಾದ ಕಷ್ಟ ಇನ್ನೂ ಚಿಕ್ಕ ಮನೆಗಳಲ್ಲಿ ಎದುರಾಗುತ್ತದೆ. 60 ಚದರ ಮೀಟರಿನ ಮನೆಯೊಂದರಲ್ಲಿ 50 ಚದರ ಮೀಟರನ್ನು ಅಂಗಡಿಗೆ ಬಿಟ್ಟುಕೊಟ್ಟರೆ ವಾಸಕ್ಕೆ ಉಳಿಯುವುದು 10 ಚದರ ಮೀಟರ್. ಮಿತಿಯ ಅಂಕಿಯನ್ನಷ್ಟೇ ನೋಡಿದರೆ ಇದು ಸಮ್ಮತ, ಆದರೆ ಪೂರಕ ಎಂಬ ಪದವನ್ನು ನೋಡಿದರೆ ಅಸಂಗತ, ಏಕೆಂದರೆ ಮುಖ್ಯವಾದದ್ದು ಉಳಿಯದಿದ್ದಲ್ಲಿ ಪೂರಕವೆಂಬ ಮಾತಿಗೇ ಅರ್ಥವಿಲ್ಲ. ಅಧಿನಿಯಮವು ಭೂ ಬಳಕೆ ಎಂಬುದಕ್ಕೆ ಕೊಟ್ಟಿರುವ ಪರಿಭಾಷೆಯೂ ಇಲ್ಲಿ ಮುಖ್ಯವಾಗುತ್ತದೆ. ಅದರ ಪ್ರಕಾರ ಒಂದು ನಿರ್ದಿಷ್ಟ ದಿನಾಂಕದಂದು ಆ ನಿವೇಶನವನ್ನು ಯಾವ ಪ್ರಧಾನ ಉದ್ದೇಶಕ್ಕೆ ಬಳಸಲಾಗುತ್ತಿದೆಯೋ ಅದೇ ಆ ನಿವೇಶನದ ಭೂ ಬಳಕೆ. ಪ್ರಧಾನವೆಂಬುದನ್ನು ವಿಸ್ತೀರ್ಣದಿಂದಲೇ ಅಳೆಯಬೇಕೆಂದರೆ 100 ಚದರ ಮೀಟರಿಗಿಂತ ಚಿಕ್ಕದಾದ ಮನೆಗಳಲ್ಲಿ 50 ಚದರ ಮೀಟರಿನ ಅವಕಾಶ ಪೂರ್ತಿಯಾಗಿ ಸಲ್ಲುವುದಿಲ್ಲ. ಅಂಕಿಯನ್ನೇ ಕಟ್ಟುನಿಟ್ಟಾಗಿ ಹಿಡಿದರೆ ಅಧಿನಿಯಮದ ಪರಿಭಾಷೆ ಸೋಲುತ್ತದೆ. ಇಂಥಲ್ಲಿ ಎರಡರಲ್ಲಿ ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಬದಲು ಎರಡಕ್ಕೂ ಜೀವ ಇರುವಂತೆ ಓದಬೇಕೆಂಬುದು ಸಮನ್ವಯದ ನ್ಯಾಯ. ಚಿಕ್ಕ ಮನೆಯವರೂ ಜೀವನೋಪಾಯಕ್ಕೊಂದು ಅಂಗಡಿ ಇಟ್ಟುಕೊಳ್ಳಲೆಂದೇ ಯಾವುದು ಹೆಚ್ಚೋ ಅದು ಎಂದು ನಿಯಮ ಬರೆದವರು ಬರೆದಿರುವಾಗ ಆ ಉದಾರತೆಯನ್ನು ಕತ್ತರಿಸುವುದು ತರವಲ್ಲ. ಹಾಗೆಯೇ ಒಲೆ ಹೂಡಲು, ಹಾಸಿಗೆ ಹಾಸಲು ಜಾಗವಿಲ್ಲದ ಕಟ್ಟಡವನ್ನು ಮನೆಯೆಂದು ಒಪ್ಪುವುದೂ ತರವಲ್ಲ. ಉಳಿದ ಭಾಗದಲ್ಲಿ ಒಂದು ಸಂಸಾರ ನಿಜವಾಗಿ ವಾಸಿಸುತ್ತಿದೆಯೇ ಎಂಬುದೇ ಒರೆಗಲ್ಲಾದರೆ ಅಂಕಿ ಮತ್ತು ಪದ ಎರಡೂ ಉಳಿಯುತ್ತವೆ. ಅದಕ್ಕಿಂತ ಖಚಿತವಾದ ಗೆರೆ ಬೇಕಾದರೆ ಅದು ತಿದ್ದುಪಡಿಯ ಕೆಲಸ, ವ್ಯಾಖ್ಯಾನದ ಕೆಲಸವಲ್ಲ.

ಪಟ್ಟಿಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಬೆಂಗಳೂರಿನ ನಿಯಮಾವಳಿಯ ವಾಣಿಜ್ಯ ಬಳಕೆಗಳ ಪಟ್ಟಿಯಲ್ಲಿ ದರ್ಶಿನಿಗಳು, ಚಹಾದಂಗಡಿಗಳಂಥ ಉಪಾಹಾರದ ತಾಣಗಳು ಎಂಬ ನಮೂದು ಸಿಗುತ್ತದೆ. ನಿಂತುಕೊಂಡೇ ಇಡ್ಲಿ ವಡೆ ತಿಂದು ಕಾಫಿ ಕುಡಿದು ಹೊರಡುವ ದರ್ಶಿನಿಯೆಂಬ ಈ ಊರಿನದೇ ವ್ಯವಸ್ಥೆ ಕಾನೂನಿನ ಭಾಷೆಯೊಳಗೆ ಬಂದು ಸೇರಿರುವುದು ಸಂತೋಷದ ಸಂಗತಿ. ಇಲ್ಲಿ ಅಂಥ ಎಂಬುದಕ್ಕೆ ಎಷ್ಟು ಹರಹು? ಉದಾಹರಣೆಗಳನ್ನು ಹೆಸರಿಸಿ ಆಮೇಲೆ ಒಂದು ಸಾಮಾನ್ಯ ಪದವನ್ನು ಸೇರಿಸಿದಾಗ, ಆ ಸಾಮಾನ್ಯ ಪದ ಹೆಸರಿಸಿದವುಗಳ ಜಾತಿಗೆ ಸೇರಿದ ವಸ್ತುಗಳನ್ನಷ್ಟೇ ಒಳಗೊಳ್ಳುತ್ತದೆಂಬ ನಿಯಮವನ್ನು ನ್ಯಾಯಾಲಯಗಳು ಬಹುಕಾಲದಿಂದ ಪಾಲಿಸುತ್ತ ಬಂದಿವೆ. ಇದನ್ನು ಸಜಾತೀಯ ನ್ಯಾಯವೆಂದು ಕರೆಯಬಹುದು. ದರ್ಶಿನಿ ಮತ್ತು ಚಹಾದಂಗಡಿ ಇವೆರಡಕ್ಕೂ ಸಮಾನವಾದ ಗುಣ ಚಿಕ್ಕ ಜಾಗ, ಕಡಿಮೆ ಹೊತ್ತಿನ ಗಿರಾಕಿ, ಸುತ್ತಲಿನವರ ದಿನನಿತ್ಯದ ಅಗತ್ಯ. ಹೊಸದಾಗಿ ಬಂದ ಜ್ಯೂಸ್ ಅಂಗಡಿ ಈ ಜಾತಿಗೆ ನಿಸ್ಸಂದೇಹವಾಗಿ ಸೇರುತ್ತದೆ. ಕಾರುಗಳಲ್ಲಿ ಬರುವ ನೂರಾರು ಗಿರಾಕಿಗಳಿಗೆಂದು ತಡರಾತ್ರಿಯವರೆಗೆ ತೆರೆದಿರುವ ಬಾರ್ ಮತ್ತು ರೆಸ್ಟೋರೆಂಟ್, ಅಲ್ಲೂ ತಿನಿಸು ಸಿಗುತ್ತದೆಂಬ ಕಾರಣಕ್ಕೆ, ಇದರೊಳಗೆ ನುಸುಳಲಾರದು. ಆದರೆ ಈ ನ್ಯಾಯಕ್ಕೂ ಮಿತಿಯಿದೆ. ಪಟ್ಟಿಯ ಬೇರೆ ಸಾಲಿನಲ್ಲಿ ಅಂಥದೇ ಬಳಕೆಯನ್ನು ಬೇರೆ ಷರತ್ತಿನೊಂದಿಗೆ ಪ್ರತ್ಯೇಕವಾಗಿ ಹೆಸರಿಸಿದ್ದರೆ, ಆ ನಿರ್ದಿಷ್ಟ ಸಾಲೇ ಅನ್ವಯವಾಗುತ್ತದೆ. ಸಾಮಾನ್ಯ ಪದವನ್ನು ಹಿಡಿದು ಅದರ ಷರತ್ತಿನಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಅಳತೆಗೆ ಸಂಬಂಧಿಸಿದ ಪದಗಳಲ್ಲಿ ಜಗಳಗಳು ಹೆಚ್ಚು, ಏಕೆಂದರೆ ಒಂದು ಮೀಟರಿನ ವ್ಯತ್ಯಾಸ ಒಂದು ಅಂತಸ್ತಿನ ವ್ಯತ್ಯಾಸವಾಗಬಹುದು. ರಸ್ತೆಯ ಅಗಲವನ್ನು ನಿಯಮಾವಳಿಯು ಪಾದಚಾರಿ ಮಾರ್ಗ ಮತ್ತು ಚರಂಡಿಗಳನ್ನೂ ಸೇರಿಸಿಕೊಂಡು, ರಸ್ತೆಯ ಮಧ್ಯರೇಖೆಗೆ ಲಂಬವಾಗಿ, ಒಂದು ಗಡಿಯಿಂದ ಇನ್ನೊಂದು ಗಡಿಗೆ ಅಳೆಯಲು ಹೇಳುತ್ತದೆ. ಟಾರು ಹಾಕಿದ ಭಾಗವನ್ನಷ್ಟೇ ಅಳೆದು ರಸ್ತೆ ಕಿರಿದೆಂದು ತಕರಾರು ಹೇಳುವ ನೆರೆಯವರೂ, ಮೂಲೆಯ ಓರೆಯಲ್ಲಿ ಟೇಪು ಹಿಡಿದು ರಸ್ತೆ ಅಗಲವೆಂದು ಸಾಧಿಸುವ ಮಾಲೀಕರೂ ಒಂದೇ ವಾಕ್ಯದ ಬೇರೆಬೇರೆ ಭಾಗಗಳನ್ನು ಮೀರಿದವರೇ. ಗಡಿ ಎಂದರೆ ಬಡಾವಣೆಯ ನಕ್ಷೆಯ ಗಡಿಯೋ, ಒತ್ತುವರಿಯಾದ ಮೇಲೆ ಉಳಿದಿರುವ ಗಡಿಯೋ ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ. ಪದವನ್ನು ನೋಡಿದರೆ ಅದು ಕಾನೂನಿನ ಗಡಿಯೇ ಸರಿ. ಆದರೆ ಅಗಲವಾದ ರಸ್ತೆಗೆ ಹೆಚ್ಚು ಕಟ್ಟಡವನ್ನು ನಿಯಮ ಕೊಡುವುದು ಆ ರಸ್ತೆ ಹೆಚ್ಚು ಜನರನ್ನೂ ವಾಹನಗಳನ್ನೂ ಅಗ್ನಿಶಾಮಕ ಗಾಡಿಯನ್ನೂ ತಾಳಿಕೊಳ್ಳುತ್ತದೆಂಬ ಲೆಕ್ಕದಲ್ಲಿ, ಮತ್ತು ಕಾಗದದ ಮೇಲಷ್ಟೇ ಇರುವ ಅಗಲ ಅದನ್ನು ತಾಳಲಾರದು. ಪರವಾನಗಿ ಕೊಡುವ ಮೊದಲು ಗಡಿಯನ್ನು ಸರ್ವೆ ಮಾಡಿಸಿ ಒತ್ತುವರಿ ತೆರವುಗೊಳಿಸುವುದೊಂದೇ ಇಲ್ಲಿ ಪದಕ್ಕೂ ಉದ್ದೇಶಕ್ಕೂ ನ್ಯಾಯ ಸಲ್ಲಿಸುವ ದಾರಿ.

ಕೆರೆ ಮತ್ತು ರಾಜಕಾಲುವೆಗಳ ಮೀಸಲು ಅಂಚಿನ ನಿಯಮ ಈ ಇಡೀ ವಿಷಯದಲ್ಲೇ ಹೆಚ್ಚು ಗಮನಕ್ಕೆ ಅರ್ಹವಾದದ್ದು. ಮೀಸಲು ಅಂಚು, ಎಂದರೆ ಕಚೇರಿಗಳಲ್ಲಿ ಬಫರ್ ಎಂದು ಕರೆಯುವ ಪಟ್ಟಿ, ನೀರಿನ ಪಕ್ಕದಲ್ಲಿ ಕಟ್ಟಡ ಬರದಂತೆ ಕಾಯ್ದಿಡುವ ಜಾಗ. 2007ರ ಪಾಠವು ಕಂದಾಯ ದಾಖಲೆಗಳ ಪ್ರಕಾರ ಇರುವ ಕೆರೆಯ ಸುತ್ತ 30 ಮೀಟರ್, ಮೊದಲ ದರ್ಜೆಯ ಕಾಲುವೆಯ ಎರಡೂ ಬದಿಗೆ 50 ಮೀಟರ್, ಎರಡನೆಯ ದರ್ಜೆಯದಕ್ಕೆ 25, ಮೂರನೆಯ ದರ್ಜೆಯದಕ್ಕೆ 15 ಮೀಟರ್ ಎಂದು ಹೇಳಿ, ಕಾಲುವೆಗಳ ಅಳತೆಯನ್ನು ಕಾಲುವೆಯ ಮಧ್ಯದಿಂದ ಹಿಡಿಯಬೇಕೆಂದು ಗೊತ್ತುಪಡಿಸುತ್ತದೆ. ಮಧ್ಯದಿಂದ ಎಂಬ ಒಂದು ಪದದ ತೂಕವನ್ನು ಲೆಕ್ಕ ಹಾಕಿ ನೋಡಬೇಕು: 20 ಮೀಟರ್ ಅಗಲದ ಮೊದಲ ದರ್ಜೆಯ ಕಾಲುವೆಯಲ್ಲಿ ಮಧ್ಯದಿಂದ 50 ಮೀಟರ್ ಎಂದರೆ ದಡದಿಂದ 40 ಮೀಟರ್ ಮಾತ್ರ. ಕಾಲುವೆ ಅಗಲವಾದಷ್ಟೂ, ಎಂದರೆ ಪ್ರವಾಹದ ಅಪಾಯ ಹೆಚ್ಚಾದಷ್ಟೂ, ದಡದಾಚೆ ಉಳಿಯುವ ಮೀಸಲು ಕಿರಿದಾಗುತ್ತದೆ. ನಿಯಮದ ಉದ್ದೇಶವನ್ನಷ್ಟೇ ನೋಡುವವರಿಗೆ ಇದು ವಿಚಿತ್ರವೆನಿಸುವುದು ಸಹಜ. ಆದರೆ ಪದ ಸ್ಪಷ್ಟವಾಗಿರುವಾಗ ಉದ್ದೇಶದ ಹೆಸರಿನಲ್ಲಿ ಮಧ್ಯವನ್ನು ದಡವೆಂದು ಓದಲು ಬರುವುದಿಲ್ಲ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರ ಆದೇಶದಲ್ಲಿ ಈ ಅಳತೆಗಳನ್ನೇ ಬದಲಾಯಿಸಿ ಕೆರೆಗಳಿಗೆ 75 ಮೀಟರ್, ಮೂರು ದರ್ಜೆಯ ಕಾಲುವೆಗಳಿಗೆ ದಡದಿಂದ ಕ್ರಮವಾಗಿ 50, 35 ಮತ್ತು 25 ಮೀಟರ್ ಎಂದು ವಿಧಿಸಿತು. ನೀರನ್ನು ಉಳಿಸಬೇಕೆಂಬ ಕಳಕಳಿಯಿಂದ ಬಂದ ಆ ಅಂಕಿಗಳು ಪರಿಸರದ ದೃಷ್ಟಿಯಿಂದ ಮೇಲೆಂದು ಅನೇಕರು ಭಾವಿಸಿದ್ದು ನಿಷ್ಕಾರಣವಲ್ಲ. ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚ್ 5ರಂದು ಆ ಭಾಗವನ್ನು ರದ್ದುಪಡಿಸಿತು. ಮಹಾಯೋಜನೆ ಮತ್ತು ಅದರ ನಿಯಮಾವಳಿಗೆ ಶಾಸನದ ಬಲವಿರುವುದರಿಂದ ನ್ಯಾಯಮಂಡಳಿ ಅದನ್ನು ತಿದ್ದಲಾರದೆಂಬುದು ತೀರ್ಪಿನ ಸಾರ. ಕೆರೆಗಳ ಬಗ್ಗೆ ಕಾಳಜಿಯುಳ್ಳವರಿಗೆ ಈ ತೀರ್ಪು ನೋವು ತಂದಿದ್ದರೂ, ಅರ್ಥ ಹೇಳುವುದಕ್ಕೂ ನಿಯಮ ರಚಿಸುವುದಕ್ಕೂ ನಡುವಿನ ಗೆರೆಯನ್ನು ಅದು ಸರಿಯಾಗಿಯೇ ಗುರುತಿಸಿದೆ ಎನ್ನಬೇಕು. ಒಳ್ಳೆಯ ಉದ್ದೇಶಕ್ಕಾಗಿ ಪದವನ್ನು ಹಿಗ್ಗಿಸಲು ಒಪ್ಪಿದರೆ ನಾಳೆ ಕೆಟ್ಟ ಉದ್ದೇಶಕ್ಕಾಗಿ ಅದನ್ನು ಕುಗ್ಗಿಸುವವರನ್ನು ತಡೆಯುವ ಮಾತು ಯಾರ ಬಳಿಯೂ ಉಳಿಯುವುದಿಲ್ಲ. ಮೀಸಲನ್ನು ಹಿಗ್ಗಿಸಬೇಕಾದದ್ದು ನಿಜವಾದರೆ ಅದಕ್ಕೆ ಸಾರ್ವಜನಿಕ ಪ್ರಕಟಣೆ, ಆಕ್ಷೇಪಣೆ, ಅನುಮೋದನೆಗಳ ದಾರಿಯಿದೆ.

ಅದೇ ನಿಯಮದಲ್ಲಿ ಅಷ್ಟಾಗಿ ಪ್ರಸಿದ್ಧವಲ್ಲದ ಇನ್ನೊಂದು ವಾಕ್ಯವಿದೆ, ಮತ್ತು ಕೆರೆಕಾಲುವೆಗಳಿಗಾಗಿ ಹೋರಾಡುವವರಿಗೆ ಅದು ಮೇಲೆ ಹೇಳಿದ ಅಂಕಿಗಳಿಗಿಂತ ಹೆಚ್ಚು ಪ್ರಯೋಜನಕಾರಿ. ನಕ್ಷೆ ಬರೆಯುವಾಗಿನ ದೋಷದಿಂದ ಯಾವುದಾದರೂ ಕಾಲುವೆಯ ಮೀಸಲನ್ನು ಗುರುತಿಸದೆ ಹೋಗಿದ್ದರೆ, ಭೂ ಬಳಕೆಯ ನಕ್ಷೆಯನ್ನು ನೋಡದೆ ಕಂದಾಯ ದಾಖಲೆಗಳ ಆಧಾರದ ಮೇಲೆಯೇ ಮೀಸಲನ್ನು ಒತ್ತಾಯಿಸಬೇಕೆಂದು ಅದು ಹೇಳುತ್ತದೆ. ನಕ್ಷೆಗೂ ಪಾಠಕ್ಕೂ ವಿರೋಧ ಬಂದಾಗ ಯಾವುದು ಮೇಲು ಎಂಬ ಪ್ರಶ್ನೆಯನ್ನು ಊಹೆಗೆ ಬಿಡದೆ ನಿಯಮವೇ ಬಗೆಹರಿಸಿದ ಅಪರೂಪದ ಜಾಗವಿದು. ನಕ್ಷೆಯಲ್ಲಿ ಹಳದಿಯಿದೆ, ಕಾಲುವೆಯ ನೀಲಿ ಗೆರೆಯಿಲ್ಲ, ಆದ್ದರಿಂದ ಕಟ್ಟಬಹುದು ಎಂಬ ವಾದಕ್ಕೆ ಗ್ರಾಮ ನಕ್ಷೆಯ ಹಳೆಯ ಪ್ರತಿಯಲ್ಲಿ ಸರ್ವೆ ನಂಬರುಗಳ ನಡುವೆ ಹರಿದಿರುವ ಹಳ್ಳದ ಗುರುತೇ ಉತ್ತರ. ಅಂಚನ್ನು ಒತ್ತಿ ಹಳ್ಳವನ್ನು ಕಿರಿದಾಗಿಸಿದವರಿಗೂ ಈ ವಾಕ್ಯ ಲಾಭ ಕೊಡುವುದಿಲ್ಲ, ಏಕೆಂದರೆ ಈಗ ಕಾಣುವ ದಡಕ್ಕಿಂತ ದಾಖಲೆಯ ದಡಕ್ಕೇ ಅದು ಬೆಲೆ ಕೊಡುತ್ತದೆ.

ಪದ ಸ್ಪಷ್ಟವಿದ್ದಲ್ಲಿ ಉದ್ದೇಶ ಹಿಂದೆ ನಿಲ್ಲಬೇಕೆಂದಮೇಲೆ, ಪದ ತೆರೆದುಕೊಂಡಿರುವಲ್ಲಿ ಉದ್ದೇಶವೇ ಮುಂದೆ ಬರಬೇಕೆಂಬುದನ್ನೂ ಹೇಳಬೇಕು. ಬೆಂಗಳೂರಿನ ಸದಾಶಿವನಗರಕ್ಕೆ, ಅಂದರೆ ರಾಜಮಹಲ್ ವಿಲಾಸ ಬಡಾವಣೆಗೆ ಸೇರಿದ ಒಂದು ಮೊಕದ್ದಮೆ ಇದಕ್ಕೆ ದೇಶಕ್ಕೇ ಮಾದರಿಯಾಯಿತು. ಉದ್ಯಾನಕ್ಕೆಂದು ಮೀಸಲಾಗಿದ್ದ ಬಯಲನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಸಂಸ್ಥೆಗೆ ಹಂಚಲಾಗಿತ್ತು. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮದ 19ನೇ ಕಲಮಿನ ನಾಲ್ಕನೆಯ ಉಪಕಲಮಿನಂತೆ, ಯೋಜನೆಯ ಯಾವುದೇ ಭಾಗದಲ್ಲಿ ಸುಧಾರಣೆ ಮಾಡಬಹುದೆಂದು ಕಂಡರೆ ಪ್ರಾಧಿಕಾರ ಯೋಜನೆಯನ್ನು ಮಾರ್ಪಡಿಸಬಹುದಾಗಿತ್ತು. ಆಸ್ಪತ್ರೆಯೂ ಜನೋಪಯೋಗಿಯೇ, ಆದ್ದರಿಂದ ಇದೂ ಸುಧಾರಣೆಯೇ ಎಂಬುದು ಒಂದು ಕಡೆಯ ವಾದ. ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಬ್ಯಾಂಗಲೂರ್ ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಮೊಕದ್ದಮೆಯಲ್ಲಿ ಆ ವಾದವನ್ನು ತಳ್ಳಿಹಾಕಿತು. ಸುಧಾರಣೆ ಎಂಬ ಪದ ತೆರೆದದ್ದೇ ಆದರೂ, ಅದನ್ನು ಯೋಜನೆಯ ಸಂದರ್ಭದಲ್ಲಿಟ್ಟು ನೋಡಿದಾಗ, ಬಡಾವಣೆಯ ಎಲ್ಲರಿಗೂ ಸೇರಿದ ಬಯಲನ್ನು ಖಾಸಗಿಯವರ ಕೈಗೆ ಕೊಡುವುದು ಯೋಜನೆಯ ಸುಧಾರಣೆಯಾಗದು. ಅಲ್ಲಿನ ನಿವಾಸಿಗಳಿಗೆ ಇದನ್ನು ಪ್ರಶ್ನಿಸುವ ಹಕ್ಕಿದೆಯೆಂದು ನ್ಯಾಯಾಲಯ ಒಪ್ಪಿದ್ದೂ ಅಷ್ಟೇ ದೊಡ್ಡದು.

ಇದಕ್ಕೂ ಮೊದಲೇ, 1974ರಲ್ಲಿ, ಉಡುಪಿಯ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದೇ ದಾರಿಯಲ್ಲಿ ನಡೆದಿತ್ತು. ನಗರ ಯೋಜನೆಯಲ್ಲಿ ವಾಸಕ್ಕೆ ಮೀಸಲಾದ ಪ್ರದೇಶದಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರವೆಂದು ಅನುಮತಿ ಪಡೆದ ಕಟ್ಟಡ ಆಮೇಲೆ ಚಿತ್ರಮಂದಿರವಾಗಲು ಪುರಸಭೆಯ ಒಪ್ಪಿಗೆ ಪಡೆದಿತ್ತು. ಯೋಜನೆಗೆ ವಿರುದ್ಧವಾದ ಅನುಮತಿ ಕೊಡಲು ಪುರಸಭೆಗೇ ಅಧಿಕಾರವಿಲ್ಲವೆಂದೂ, ಅಂಥ ಕಟ್ಟಡ ಸುತ್ತಲಿನ ನಿವಾಸಿಗಳು ತಮ್ಮ ಸ್ವತ್ತನ್ನು ಅನುಭವಿಸುವ ಹಕ್ಕಿಗೇ ಧಕ್ಕೆ ತರುತ್ತದೆಂದೂ ನ್ಯಾಯಾಲಯ ಹೇಳಿತು. ವರ್ಷದಲ್ಲಿ ಕೆಲವು ಮುಹೂರ್ತದ ದಿನ ತುಂಬುವ ಮಂಟಪಕ್ಕೂ ದಿನಕ್ಕೆ ಹಲವು ಆಟಗಳ ಚಿತ್ರಮಂದಿರಕ್ಕೂ ಬಳಕೆಯ ದೃಷ್ಟಿಯಿಂದ ಇರುವ ಅಂತರ ಅಲ್ಲಿನ ಓಣಿಯವರಿಗೆ ಗೊತ್ತಿದ್ದದ್ದೇ.

ಇನ್ನೊಂದು ಬದಿಯ ಮಾತಿಗೂ ಕಿವಿಗೊಡಬೇಕಾಗುತ್ತದೆ. ಆಸ್ತಿಯ ಹಕ್ಕು ಸಂವಿಧಾನದ 300-ಎ ವಿಧಿಯಡಿ ರಕ್ಷಣೆ ಪಡೆದಿದೆ. ತನ್ನ ನಿವೇಶನದಲ್ಲಿ ಕಟ್ಟಡ ಕಟ್ಟುವ ಹಕ್ಕು ಅದರ ಭಾಗವೆಂದೂ, ನಗರ ಯೋಜನೆಯ ಕಾನೂನುಗಳು ಆ ಹಕ್ಕನ್ನು ನಿಯಂತ್ರಿಸುವಂಥವೆಂದೂ, ನಿರ್ಬಂಧಕ್ಕೆ ಕಾನೂನಿನ ಆಧಾರ ಇರಲೇಬೇಕೆಂದೂ ಕರ್ನಾಟಕದಿಂದಲೇ ಹೋದ ಟಿ. ವಿಜಯಲಕ್ಷ್ಮಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿದೆ. ಇದರಿಂದ, ನಿರ್ಬಂಧದ ಪದ ಎರಡು ಅರ್ಥಗಳಿಗೆ ಎಡೆಗೊಟ್ಟರೆ ಮಾಲೀಕರಿಗೆ ಅನುಕೂಲವಾದ ಅರ್ಥವನ್ನು ತೆಗೆದುಕೊಳ್ಳಬೇಕೆಂಬ ವಾದ ಹೊರಡುತ್ತದೆ, ಮತ್ತು ಅದರಲ್ಲಿ ನ್ಯಾಯವಿದೆ. ಬರೆಯದ ನಿಷೇಧವನ್ನು ನಾಗರಿಕರ ಮೇಲೆ ಹೇರಬಾರದು. ಆದರೆ ಈ ನ್ಯಾಯವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಬಳಸಬೇಕು. ಪರಿಭಾಷೆ, ವಾಕ್ಯದ ಅನ್ವಯ, ಪಟ್ಟಿಯ ಜಾತಿ, ಯೋಜನೆಯ ಸಂದರ್ಭ ಇವೆಲ್ಲವನ್ನೂ ಬಳಸಿದ ಮೇಲೂ ಉಳಿಯುವ ಸಂದಿಗ್ಧಕ್ಕೆ ಮಾತ್ರ ಅದು ಔಷಧ. ಪರಿಭಾಷೆಯನ್ನು ತೆರೆಯದೆಯೇ ಪದ ಅಸ್ಪಷ್ಟವೆಂದು ಸಾರಿ ಮಾಲೀಕರಿಗೆ ಲಾಭ ಕೊಡುವುದು ಅದೇ ಬೀದಿಯ ಇತರ ಮಾಲೀಕರ ಹಕ್ಕನ್ನು ಕಸಿದುಕೊಂಡಂತೆ, ಏಕೆಂದರೆ ಅವರೂ 300-ಎ ವಿಧಿಯ ರಕ್ಷಣೆಯಲ್ಲೇ ಇರುವವರು.

ಕೊನೆಯದಾಗಿ, ಅರ್ಥವನ್ನು ಯಾರು, ಎಲ್ಲಿ, ಹೇಗೆ ಹೇಳಬೇಕೆಂಬ ಪ್ರಶ್ನೆ. ಸುತ್ತೋಲೆಗಳು ಮತ್ತು ಸ್ಪಷ್ಟೀಕರಣ ಪತ್ರಗಳು ಕಚೇರಿಗಳಲ್ಲಿ ಏಕರೂಪತೆ ತರಲು ಸಹಾಯಕವಾದರೂ, ಅನುಮೋದಿತ ನಿಯಮದಲ್ಲಿಲ್ಲದ ಅವಕಾಶವನ್ನು ಅವು ಸೃಷ್ಟಿಸಲಾರವು, ಇರುವ ನಿರ್ಬಂಧವನ್ನು ಅಳಿಸಲಾರವು. ನಿಯಮದಿಂದ ಸರಿಯಲೇಬೇಕಾದ ಸಂದರ್ಭ ಬಂದರೆ 14-ಎ ಕಲಮು ದಾರಿ ಮಾಡಿಕೊಟ್ಟಿದೆ. ನಕ್ಷೆಯ ದೋಷ, ವಿವರ ಬಿಟ್ಟುಹೋದದ್ದು, ಯೋಜನೆಯ ಜಾರಿಯಿಂದ ಹುಟ್ಟಿದ ಬದಲಾವಣೆ, ಆಯಾ ಕಾಲದ ಸನ್ನಿವೇಶ ಎಂಬ ಕಾರಣಗಳನ್ನು ಅದು ಹೆಸರಿಸಿ, ಪರಂತುಕದಲ್ಲಿ, ಎಂದರೆ ಕೊಟ್ಟ ಅಧಿಕಾರಕ್ಕೆ ಕಡಿವಾಣ ಹಾಕುವ ಉಪವಾಕ್ಯದಲ್ಲಿ, ಮೂರು ಷರತ್ತುಗಳನ್ನು ಇಡುತ್ತದೆ: ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಅದು ಈ ಅಧಿನಿಯಮವನ್ನಾಗಲಿ ಸಂಬಂಧಪಟ್ಟ ಬೇರೆ ಕಾನೂನನ್ನಾಗಲಿ ಮೀರಬಾರದು, ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಕರೆಯಬೇಕು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ಓದುವವರು ಕಡಿಮೆ, ಓದಿ ಆಕ್ಷೇಪಣೆ ಬರೆಯುವವರು ಇನ್ನೂ ಕಡಿಮೆ. ಬರೆಯುವವರು ಕೂಡ ಸಾಮಾನ್ಯವಾಗಿ ತೊಂದರೆಯನ್ನು ವಿವರಿಸುತ್ತಾರೆಯೇ ಹೊರತು ಕಲಮಿನ ಪದವನ್ನು ಎತ್ತಿ ತೋರಿಸುವುದಿಲ್ಲ. ಪ್ರಸ್ತಾಪವು ಈ ಕಾರಣಗಳಲ್ಲಿ ಯಾವುದರ ಕೆಳಗೆ ಬರುತ್ತದೆ, ಅದರಲ್ಲಿನ ಸಾರ್ವಜನಿಕ ಹಿತ ಯಾವುದು ಎಂದು ನೇರವಾಗಿ ಕೇಳುವ ಅರ್ಧ ಪುಟದ ಆಕ್ಷೇಪಣೆಯನ್ನು ಬದಿಗಿಡುವುದು ಪ್ರಾಧಿಕಾರಕ್ಕೆ ಸುಲಭವಲ್ಲ.

ಜಯನಗರದ ಒಂದು ವಸತಿ ನಿವೇಶನವನ್ನು ವಾಣಿಜ್ಯ ಬಳಕೆಗೆ ಬದಲಾಯಿಸಿದ್ದನ್ನು ನೆರೆಯವರು ಪ್ರಶ್ನಿಸಿದ ಎಸ್. ಎನ್. ಚಂದ್ರಶೇಖರ್ ಮೊಕದ್ದಮೆಯಲ್ಲಿ, 2006ರಲ್ಲಿ, ಸರ್ವೋಚ್ಚ ನ್ಯಾಯಾಲಯ ಈ ಕಲಮಿನ ಒಂದೊಂದು ಪದವನ್ನೂ ಹಿಡಿದು ನೋಡಿತು. ಭೂ ಬಳಕೆ ಮತ್ತು ಅಭಿವೃದ್ಧಿ ಎಂಬ ಎರಡು ಪದಗಳನ್ನು ಬೇರೆಯಾಗಿಯೇ ಓದಬೇಕೆಂದು ಹೇಳಿ, ಕಲಮಿನ ಅಗತ್ಯಗಳನ್ನು ಗಮನಕ್ಕೆ ತಂದುಕೊಳ್ಳದೆ ಕೊಟ್ಟ ಬದಲಾವಣೆಯನ್ನು ಅದು ಉಳಿಸಲಿಲ್ಲ. ಶಾಸನಬದ್ಧ ಪ್ರಾಧಿಕಾರದ ಆದೇಶವನ್ನು ಆ ಆದೇಶದಲ್ಲಿ ಏನು ಬರೆದಿದೆಯೋ ಅದರಿಂದಲೇ ತೂಗಬೇಕು, ಆಮೇಲೆ ಪ್ರಮಾಣಪತ್ರದಲ್ಲಿ ಕೊಟ್ಟ ವಿವರಣೆಯಿಂದಲ್ಲ ಎಂದೂ ಹೇಳಿತು. ಇದರ ಪರಿಣಾಮ ಪ್ರತಿಯೊಂದು ಪರವಾನಗಿಗೂ ಪ್ರತಿಯೊಂದು ಹಿಂಬರಹಕ್ಕೂ ತಟ್ಟುತ್ತದೆ: ಅರ್ಜಿಯನ್ನು ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರಿಯು ಯಾವ ಉಪನಿಯಮವನ್ನು ಓದಿದರು, ಅದರ ಯಾವ ಪದಕ್ಕೆ ಯಾವ ಅರ್ಥ ಕೊಟ್ಟರು, ಆ ಅರ್ಥಕ್ಕೆ ಪರಿಭಾಷೆಯ ಯಾವ ಸಾಲು ಆಧಾರ ಎಂಬುದನ್ನು ಅದೇ ಕಾಗದದಲ್ಲಿ, ಅರ್ಜಿದಾರರೂ ನೆರೆಯವರೂ ಓದಿ ತಿಳಿಯುವಂಥ ಕನ್ನಡದಲ್ಲಿ, ಆ ದಿನವೇ ಬರೆದಿಡಬೇಕಾಗುತ್ತದೆ.